ಶೂಟಿಂಗ್ ನಿಂತಿದ್ದೇ ಒಳ್ಳೆಯದಾಯಿತು: ‘ಡೇರ್‌ಡೆವಿಲ್’ ಎರಡನೇ ಸಲ ಹುಟ್ಟಿದ ಬಗೆ

2023ರ ಅಕ್ಟೋಬರ್‌ನಲ್ಲಿ ‘ಹಾಲಿವುಡ್ ರಿಪೋರ್ಟರ್’ ಪತ್ರಿಕೆ ಒಂದು ದೊಡ್ಡ ಸುದ್ದಿ ಕೊಟ್ಟಿತು. ‘ಡೇರ್‌ಡೆವಿಲ್: ಬಾರ್ನ್ ಅಗೇನ್’ ಎಂಬ ಸೂಪರ್‌ಹೀರೋ ಟಿವಿ ಸರಣಿಯ ಮುಖ್ಯ ಬರಹಗಾರರಾದ ಮ್ಯಾಟ್ ಕಾರ್ಮನ್ ಮತ್ತು ಕ್ರಿಸ್ ಆರ್ಡ್ ಅವರನ್ನು ಮಾರ್ವೆಲ್ ಸ್ಟುಡಿಯೋಸ್ ಕೈಬಿಟ್ಟಿತ್ತು. ಉಳಿದ ಕಂತುಗಳ ನಿರ್ದೇಶಕರಿಗೂ ಮನೆಗೆ ಹೋಗಿ ಅಂದಿತ್ತು. ಅಷ್ಟರಲ್ಲಿ 18 ಕಂತುಗಳ ಯೋಜನೆಯಲ್ಲಿ ಅರ್ಧಕ್ಕೆ ತುಸು ಕಡಿಮೆ ಶೂಟ್ ಆಗಿಹೋಗಿತ್ತು. ಸಿನಿಮಾದಲ್ಲಿ ನಾಲ್ಕಾರು ದೃಶ್ಯ ಮತ್ತೆ ಶೂಟ್ ಮಾಡುವುದು ಮಾಮೂಲು. ಇಷ್ಟು ದೊಡ್ಡ ಸರಣಿಯನ್ನು ನಟ್ಟನಡುವೆ ನಿಲ್ಲಿಸಿ, ಬಿಚ್ಚಿ, ಮತ್ತೆ ಜೋಡಿಸುವುದು ಮಾಮೂಲಲ್ಲ.

ಹಣಕ್ಕೆ ಕೊರತೆ ಇರಲಿಲ್ಲ. ಒಳ್ಳೆಯ ನಟರಿದ್ದರು. ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದರು. ಹಾಗಾದರೆ ಎಡವಟ್ಟಾಗಿದ್ದು ಎಲ್ಲಿ? ನನ್ನ ಪ್ರಕಾರ ಕೆಲಸದ ಕ್ರಮದಲ್ಲೇ. ಈ ಕಥೆಯ ಹೊಣೆ ಯಾರದ್ದು ಅನ್ನುವುದು ಗಟ್ಟಿಯಾಗುವ ಮೊದಲೇ ಕ್ಯಾಮೆರಾ ಓಡಲು ಶುರುವಾಯಿತು. ಓಡುತ್ತಿದ್ದದ್ದನ್ನು ನಿಲ್ಲಿಸಿದ್ದು ಬರಹಗಾರರ ಮುಷ್ಕರ. ಆಗ ಎಲ್ಲರೂ ಅದನ್ನು ನಷ್ಟ ಅಂತಲೇ ಲೆಕ್ಕ ಹಾಕಿದರು. ಈಗ ಹಿಂತಿರುಗಿ ನೋಡಿದರೆ ಸರಣಿಯನ್ನು ಉಳಿಸಿದ್ದೇ ಆ ನಿಲುಗಡೆ.

ಮೊದಲಿಂದ ಬರೋಣ. ಮ್ಯಾಟ್ ಮರ್ಡಾಕ್ ಕಣ್ಣು ಕಾಣದ ವಕೀಲ. ಹಗಲು ಕೋರ್ಟು, ರಾತ್ರಿ ನ್ಯೂಯಾರ್ಕ್‌ನ ಹೆಲ್ಸ್ ಕಿಚನ್ ಬೀದಿಗಳಲ್ಲಿ ಮುಖವಾಡ ಹಾಕಿಕೊಂಡು ಹೊಡೆದಾಟ. ಇವನ ಕಥೆಯ ಹಳೆಯ ಸರಣಿ ‘ಡೇರ್‌ಡೆವಿಲ್’ 2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಚಾರ್ಲಿ ಕಾಕ್ಸ್ ನಾಯಕ, ವಿನ್ಸೆಂಟ್ ಡಿ’ಒನೊಫ್ರಿಯೋ ಖಳನಾಯಕ ವಿಲ್ಸನ್ ಫಿಸ್ಕ್. ಮೂರು ಸೀಸನ್ ನಡೆಯಿತು. ಮೂರನೆಯದು ಚೆನ್ನಾಗಿದೆ ಅಂತ ಜನ ಇನ್ನೂ ಮಾತಾಡಿಕೊಳ್ಳುತ್ತಿರುವಾಗಲೇ, 2018ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿತು. ಡಿಸ್ನಿ ತನ್ನದೇ ಸ್ಟ್ರೀಮಿಂಗ್ ಅಂಗಡಿ ತೆರೆಯುವ ತಯಾರಿಯಲ್ಲಿದ್ದ ಕಾಲ ಅದು.

ಆ ಸರಣಿ ಮಾಡಿದ್ದು ಮಾರ್ವೆಲ್ ಟೆಲಿವಿಷನ್ ಎಂಬ ಬೇರೆ ವಿಭಾಗ. ಜೆಫ್ ಲೋಬ್ ಅದರ ಮುಖ್ಯಸ್ಥರು. ಸಿನಿಮಾ ಮಾಡುವ ಕೆವಿನ್ ಫೈಗಿ ಅವರ ಮಾರ್ವೆಲ್ ಸ್ಟುಡಿಯೋಸ್‌ಗೂ ಇವರಿಗೂ ಅಷ್ಟಕ್ಕಷ್ಟೆ. 2019ರ ಕೊನೆಯಲ್ಲಿ ಟಿವಿ ವಿಭಾಗ ಮುಚ್ಚಿ ಎಲ್ಲವೂ ಸಿನಿಮಾದವರ ಕೈಗೆ ಬಂತು. ಮುಂದಿನದ್ದೆಲ್ಲ ಅರ್ಥವಾಗಬೇಕಾದರೆ ಈ ಒಂದು ಸಂಗತಿ ನೆನಪಿರಬೇಕು. ಟಿವಿ ಮಾಡಿ ಗೊತ್ತಿದ್ದವರು ಹೋದರು, ಸಿನಿಮಾ ಮಾಡಿ ಗೆದ್ದವರು ಟಿವಿಗೆ ಬಂದರು.

ಒಪ್ಪಂದದ ಪ್ರಕಾರ ನಿಂತುಹೋದ ಸರಣಿಯ ಪಾತ್ರಗಳನ್ನು ಎರಡು ವರ್ಷ ಬೇರೆ ಕಡೆ ಬಳಸುವಂತಿರಲಿಲ್ಲ. ಆ ಅವಧಿ ಮುಗಿದ ಮೇಲೆ, 2021ರ ಡಿಸೆಂಬರ್‌ನ ಒಂದೇ ವಾರದಲ್ಲಿ ಇಬ್ಬರೂ ಮರಳಿದರು. ಫಿಸ್ಕ್ ‘ಹಾಕ್‌ಐ’ ಸರಣಿಯಲ್ಲಿ, ಮರ್ಡಾಕ್ ಸ್ಪೈಡರ್‌ಮ್ಯಾನ್ ಸಿನಿಮಾದ ಒಂದು ಚಿಕ್ಕ ದೃಶ್ಯದಲ್ಲಿ. ಥಿಯೇಟರ್‌ನಲ್ಲಿ ಶಿಳ್ಳೆ ಬಿತ್ತು. 2022ರ ಜುಲೈನಲ್ಲಿ ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ನಲ್ಲಿ ಘೋಷಣೆಯೇ ಆಯಿತು: ‘ಬಾರ್ನ್ ಅಗೇನ್’, 18 ಕಂತು, 2024ರಲ್ಲಿ ತೆರೆಗೆ. ಅಲ್ಲಿಯವರೆಗೆ ಡಿಸ್ನಿ ಪ್ಲಸ್‌ನ ಮಾರ್ವೆಲ್ ಸರಣಿಗಳು ಸಾಮಾನ್ಯವಾಗಿ ಆರರಿಂದ ಒಂಬತ್ತು ಕಂತಿನವು. ಅದರ ದುಪ್ಪಟ್ಟು ಮಾಡುತ್ತೇವೆ ಅಂತ ವೇದಿಕೆ ಮೇಲೆ ಹೇಳಿಬಿಟ್ಟರು.

ಹೆಸರಿರುವ ಪಾತ್ರ ಇಟ್ಟುಕೊಂಡು ಹೊಸ ಸರಣಿ ಮಾಡುವುದರ ಆಸೆ ಸುಲಭವಾಗಿ ಅರ್ಥವಾಗುತ್ತದೆ. ಪಾತ್ರವನ್ನು ಪರಿಚಯಿಸಬೇಕಿಲ್ಲ, ಪ್ರಚಾರ ಅರ್ಧ ಮುಗಿದಂತೆ. ಆದರೆ ಅಂಥ ಸರಣಿ ಹುಟ್ಟುವಾಗಲೇ ಸಾಲ ಹೊತ್ತು ಹುಟ್ಟುತ್ತದೆ. ತಾಯಿ ಸರಣಿಯ ಯಾವ ನೆನಪನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಕಾರ್ಮನ್ ಮತ್ತು ಆರ್ಡ್ ಅವರ ತಂಡ ದೂರ ಹೋಗುವ ದಾರಿ ಹಿಡಿಯಿತು. ಕೋರ್ಟು, ಕಕ್ಷಿದಾರರು, ಕೇಸುಗಳ ಸುತ್ತ ತಿರುಗುವ ವಕೀಲರ ಕಥೆ. ಹಳೆಯ ಗೆಳೆಯರಾದ ಫಾಗಿ ನೆಲ್ಸನ್ ಮತ್ತು ಕ್ಯಾರೆನ್ ಪೇಜ್ ಪಾತ್ರಗಳ ನಟರು, ಎಲ್ಡೆನ್ ಹೆನ್ಸನ್ ಮತ್ತು ಡೆಬ್ರಾ ಆ್ಯನ್ ವೋಲ್, ಆ ಯೋಜನೆಯಲ್ಲಿ ಇರಲೇ ಇಲ್ಲ. ಫಿಸ್ಕ್‌ನ ಹೆಂಡತಿ ವನೆಸಾ ಪಾತ್ರಕ್ಕೂ ಬೇರೆ ನಟಿ ಬಂದಿದ್ದರು. ಪತ್ರಿಕೆಯ ವರದಿ ಪ್ರಕಾರ ನಾಯಕ ಡೇರ್‌ಡೆವಿಲ್ ಸೂಟ್ ಹಾಕುವುದೇ ನಾಲ್ಕನೇ ಕಂತಿನಲ್ಲಿ.

ಇದನ್ನು ಅವರಿಬ್ಬರ ತಪ್ಪು ಅಂತ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ವಕೀಲರ ಕಥೆ ಮಾಡಿ ಅಂತ ಒಪ್ಪಿದ್ದು ಸ್ಟುಡಿಯೋ. 18 ಕಂತು ಬೇಕು ಅಂದಿದ್ದೂ ಸ್ಟುಡಿಯೋ. ಅಷ್ಟು ಉದ್ದದ ಸರಣಿಗೆ ವಾರಕ್ಕೊಂದು ಕೇಸಿನ ಚೌಕಟ್ಟು ಹಾಕುವುದು ಟಿವಿ ಬಲ್ಲ ಬರಹಗಾರರಿಗೆ ಸಹಜವಾಗಿ ಹೊಳೆಯುವ ದಾರಿ. ಇಬ್ಬರೂ ‘ಕವರ್ಟ್ ಅಫೇರ್ಸ್’ ಎಂಬ ಗೂಢಚಾರ ಸರಣಿಯನ್ನು ವರ್ಷಗಟ್ಟಲೆ ನಡೆಸಿದವರು. ಆದರೆ ಇಲ್ಲಿ ಅವರಿಗಿದ್ದ ಹುದ್ದೆ ಶೋರನ್ನರ್‌ನದ್ದಲ್ಲ, ಮುಖ್ಯ ಬರಹಗಾರರದ್ದು.

ಈ ವ್ಯತ್ಯಾಸ ಕೇಳಲು ಸಣ್ಣದು, ಪರಿಣಾಮ ದೊಡ್ಡದು. ಅಮೆರಿಕದ ಟಿವಿಯಲ್ಲಿ ಶೋರನ್ನರ್ ಅಂದರೆ ಮನೆ ಕಟ್ಟಿಸುವ ಮೇಸ್ತ್ರಿ ಇದ್ದ ಹಾಗೆ. ಬರವಣಿಗೆ ಅವರದ್ದೇ. ನಟರ ಆಯ್ಕೆ, ಬಜೆಟ್, ಸೆಟ್, ಎಡಿಟಿಂಗ್ ಎಲ್ಲದರಲ್ಲೂ ಕೊನೆಯ ಮಾತು ಅವರದ್ದು. ನಿರ್ದೇಶಕರು ಬಂದು ಎರಡು ಮೂರು ಕಂತು ಮಾಡಿ ಹೋಗುತ್ತಾರೆ, ಶೋರನ್ನರ್ ಮೊದಲ ಸಾಲಿನಿಂದ ಕೊನೆಯ ಕಟ್‌ವರೆಗೆ ಇರುತ್ತಾರೆ. ಸಿನಿಮಾದಲ್ಲಿ ಇದು ತಲೆಕೆಳಗು, ಅಲ್ವಾ? ಅಲ್ಲಿ ನಿರ್ದೇಶಕರೇ ದೊಡ್ಡವರು, ಬರಹಗಾರರು ಸ್ಕ್ರಿಪ್ಟ್ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. ಮಾರ್ವೆಲ್ ಸ್ಟುಡಿಯೋಸ್ ಡಿಸ್ನಿ ಪ್ಲಸ್‌ಗೆ ಸರಣಿ ಮಾಡುವಾಗ ಈ ಸಿನಿಮಾ ಪದ್ಧತಿಯನ್ನೇ ತಂದಿತು. ಮುಖ್ಯ ಬರಹಗಾರರು ಬರೆಯುತ್ತಾರೆ, ನಿರ್ದೇಶಕರು ಶೂಟ್ ಮಾಡುತ್ತಾರೆ, ಸ್ಟುಡಿಯೋದ ಕಾರ್ಯನಿರ್ವಾಹಕರು ಇಡೀ ಸರಣಿಯ ದಿಕ್ಕು ಹಿಡಿಯುತ್ತಾರೆ. ಎಡಿಟಿಂಗ್‌ನಲ್ಲಿ ಸರಿ ಕಾಣದಿದ್ದರೆ ಮತ್ತೆ ಶೂಟ್ ಮಾಡುತ್ತಾರೆ.

ಎರಡು ಗಂಟೆಯ ಸಿನಿಮಾಕ್ಕೆ ಈ ದಾರಿ ಒಗ್ಗಿತ್ತು. ಆರೇಳು ಗಂಟೆಯ ಸರಣಿಗೆ ಒಗ್ಗಲಿಲ್ಲ. ‘ಶೀ-ಹಲ್ಕ್’ ಸರಣಿಯ ಬರಹಗಾರ್ತಿ ಜೆಸಿಕಾ ಗಾವ್ ಶೂಟಿಂಗ್ ಹೊತ್ತಿಗೆ ಪಕ್ಕಕ್ಕೆ ಸರಿದರು, ಎಡಿಟಿಂಗ್ ಹೊತ್ತಿಗೆ ಅವರನ್ನೇ ಮತ್ತೆ ಕರೆಯಬೇಕಾಯಿತು. ‘ಸೀಕ್ರೆಟ್ ಇನ್ವೇಷನ್’ನಲ್ಲಿ ನಡುವೆ ಬರಹಗಾರರೇ ಬದಲಾದರು. ಆರು ಕಂತಿಗೆ 20 ಕೋಟಿ ಡಾಲರ್‌ಗೂ ಮೀರಿ ಖರ್ಚಾಗಿ, ಕೊನೆಗೆ ಮಾರ್ವೆಲ್‌ನ ಅತ್ಯಂತ ಸಪ್ಪೆ ಸರಣಿಗಳ ಸಾಲಿಗೆ ಸೇರಿತು. ಮತ್ತೆ ಶೂಟ್ ಮಾಡಿದರೆ ದೃಶ್ಯ ಸರಿಹೋಗಬಹುದು. ಕಥೆಯ ಅಡಿಪಾಯ ಅಲುಗಾಡುತ್ತಿದ್ದರೆ ಅದು ಸಾಲುವುದಿಲ್ಲ.

‘ಬಾರ್ನ್ ಅಗೇನ್’ ಕೂಡ ಇದೇ ಹಾದಿಯಲ್ಲಿತ್ತು. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಶೂಟಿಂಗ್ ಶುರು. ಮೇ 2ರಂದು ಅಮೆರಿಕದ ಬರಹಗಾರರ ಸಂಘ ಮುಷ್ಕರಕ್ಕೆ ಇಳಿಯಿತು. ಸ್ಕ್ರಿಪ್ಟ್ ಕೈಯಲ್ಲಿದೆ, ಶೂಟಿಂಗ್ ಮುಂದುವರಿಸೋಣ ಅಂತ ಸ್ಟುಡಿಯೋ ಹೊರಟಿತು. ಆದರೆ ಬರಹಗಾರರು ಫಲಕ ಹಿಡಿದು ಸೆಟ್ ಮುಂದೆ ಸಾಲು ನಿಂತರು. ಲಾರಿ ಓಡಿಸುವವರು, ಲೈಟ್‌ನವರು, ತಂತ್ರಜ್ಞರು ಆ ಸಾಲು ದಾಟಿ ಒಳಗೆ ಬರಲು ಒಪ್ಪಲಿಲ್ಲ. ಒಂದೊಂದು ದಿನದ ಕೆಲಸವೇ ಬಿದ್ದುಹೋಯಿತು. ಜೂನ್‌ನಲ್ಲಿ ಶೂಟಿಂಗ್ ಪೂರ್ತಿ ನಿಂತಿತು. ಜುಲೈ 14ರಿಂದ ನಟರೂ ಮುಷ್ಕರ ಹೂಡಿದರು.

ಮುಷ್ಕರದ ಆ ತಿಂಗಳುಗಳಲ್ಲಿ ಫೈಗಿ ಮತ್ತು ಸ್ಟುಡಿಯೋದ ಹಿರಿಯರು ಕೂತು ಶೂಟ್ ಆದಷ್ಟನ್ನು ನೋಡಿದರು. ಕೆಲಸ ನಡೆಯುತ್ತಿದ್ದರೆ ಈ ಬಿಡುವು ಸಿಗುತ್ತಿರಲಿಲ್ಲ. ಸೆಟ್ ಹಾಕಿ ಆಗಿದೆ, ಸ್ಟುಡಿಯೋ ಬಾಡಿಗೆ ಏರುತ್ತಿದೆ, ನಟರ ಡೇಟ್ಸ್ ಮುಗಿಯುತ್ತಿದೆ ಅಂದಾಗ ಯಾರೂ ಕೂತು ಯೋಚಿಸುವುದಿಲ್ಲ, ಮುಂದಿನ ಕಂತಿಗೆ ಓಡುತ್ತಾರೆ. 18 ಕಂತೂ ಶೂಟ್ ಆಗಿ, ಆಮೇಲೆ ಎಡಿಟಿಂಗ್ ಟೇಬಲ್ ಮೇಲೆ ಬಿರುಕು ಕಂಡಿದ್ದರೆ? ಆಗ ಮಾಡಲು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ನೋಡಿ ಮುಗಿಸಿದ ಮೇಲೆ ತೀರ್ಮಾನ ಬೇಗ ಬಂತು. ‘ದಿ ಪನಿಷರ್’ ಸರಣಿಗೆ ಬರೆದಿದ್ದ ಡೇರಿಯೋ ಸ್ಕಾರ್ಡಪೇನ್ ಶೋರನ್ನರ್ ಆಗಿ ಬಂದರು, ಈ ಸಲ ಆ ಹುದ್ದೆಯ ಹೆಸರಲ್ಲೇ. ‘ಲೋಕಿ’ಯ ಎರಡನೇ ಸೀಸನ್ ಮಾಡಿದ್ದ ಜಸ್ಟಿನ್ ಬೆನ್ಸನ್ ಮತ್ತು ಆ್ಯರನ್ ಮೂರ್‌ಹೆಡ್ ನಿರ್ದೇಶಕರಾದರು. ನೆಟ್‌ಫ್ಲಿಕ್ಸ್ ಕಾಲದ ಹೊಡೆದಾಟಗಳನ್ನು ಕಟ್ಟಿದ್ದ ಫಿಲಿಪ್ ಸಿಲ್ವೇರಾ ಮರಳಿದರು. ಫಾಗಿ ಮತ್ತು ಕ್ಯಾರೆನ್ ಮರಳಿದರು. ವನೆಸಾ ಪಾತ್ರಕ್ಕೆ ಹಳೆಯ ನಟಿ ಆಯೆಲೆಟ್ ಝೂರರ್ ಮತ್ತೆ ಬಂದರು. 2024ರ ಜನವರಿಯಲ್ಲಿ ಶೂಟಿಂಗ್ ಮತ್ತೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯಿತು. 18ರ ಬದಲು ಒಂಬತ್ತು ಕಂತು. 2025ರ ಮಾರ್ಚ್ 4ರಂದು ಮೊದಲೆರಡು ಕಂತು ಬಂದವು. ನಮ್ಮಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲಿ.

ಸ್ಕಾರ್ಡಪೇನ್ ಮುಂದಿದ್ದ ಕೆಲಸ ಖಾಲಿ ಹಾಳೆಯಲ್ಲಿ ಬರೆಯುವುದಕ್ಕಿಂತ ಕಷ್ಟದ್ದು. ಹಳೆಯ ಆರು ಕಂತುಗಳನ್ನು ಎಸೆಯುವಂತಿಲ್ಲ. ಅವು ಎರಡರಿಂದ ಏಳನೇ ಕಂತಿನವರೆಗೆ ಕೂತವು, ನಡುವೆ ಕೆಲವು ಹೊಸ ದೃಶ್ಯ ಸೇರಿತು. ಪೂರ್ತಿ ಹೊಸದಾಗಿ ಬರೆದದ್ದು ಮೊದಲನೆಯದು ಮತ್ತು ಕೊನೆಯ ಎರಡು. ನನಗೆ ಇಡೀ ಸೀಸನ್‌ನಲ್ಲಿ ತುಂಬ ಹಿಡಿಸಿದ್ದು ಆ ಮೊದಲ ಕಂತನ್ನು ಬರೆದ ಜಾಣತನ. ಸರಣಿ ನೋಡದವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು, ಕಥೆ ಹೇಳಲೇಬೇಕಾಗಿದೆ.

ಕಂತು ಶುರುವಾಗುವುದು ಜೋಸಿಯ ಬಾರ್‌ನಲ್ಲಿ. ಮೂವರು ಗೆಳೆಯರು ನಗುತ್ತಾ ಕೂತಿದ್ದಾರೆ. ಕೆಲವೇ ನಿಮಿಷದಲ್ಲಿ ಬುಲ್ಸ್‌ಐ ಎಂಬ ಹಂತಕ ಫಾಗಿಗೆ ಗುಂಡು ಹೊಡೆಯುತ್ತಾನೆ. ಮ್ಯಾಟ್ ಸೂಟ್‌ನಲ್ಲಿ ಬರುತ್ತಾನೆ, ಬಾರ್‌ನಿಂದ ಮೆಟ್ಟಿಲು ಹತ್ತಿ ತಾರಸಿಯವರೆಗೆ ಹೊಡೆದಾಟ ನಡೆಯುತ್ತದೆ. ಎಲ್ಲ ಒಂದೇ ಶಾಟ್‌ನಲ್ಲಿ ತೆಗೆದಂತೆ ಕಾಣುತ್ತದೆ. ಕೆಳಗೆ ರಸ್ತೆಯಲ್ಲಿ ಬಿದ್ದಿರುವ ಗೆಳೆಯನ ಎದೆಬಡಿತ ಮ್ಯಾಟ್‌ಗೆ ಮೇಲಿನಿಂದ ಕೇಳಿಸುತ್ತಿದೆ. ಅದು ನಿಂತ ಕೂಡಲೇ ಅವನು ಬುಲ್ಸ್‌ಐಯನ್ನು ತಾರಸಿಯಿಂದ ತಳ್ಳುತ್ತಾನೆ. ಯಾರನ್ನೂ ಕೊಲ್ಲುವುದಿಲ್ಲ ಎಂಬ ತನ್ನ ನಿಯಮವನ್ನೇ ಮುರಿಯುತ್ತಾನೆ. ಆಮೇಲೆ ಮುಖವಾಡ ಬಿಡುತ್ತಾನೆ, ಕಥೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ.

ಈಗ ಹಳೆಯ ಕಂತುಗಳನ್ನು ನೋಡಿ. ಅವುಗಳಲ್ಲಿ ನಾಯಕ ಬಹಳ ಹೊತ್ತು ಬರೀ ವಕೀಲ. ಮೊದಲ ಯೋಜನೆಯಲ್ಲಿ ಇದು ಕಾಯಿಸುವ ತಂತ್ರ ಮಾತ್ರ, ಸೂಟ್ ಯಾವಾಗ ಬರುತ್ತದೋ ಅಂತ ಜನ ಬೇಸರ ಪಡುತ್ತಿದ್ದರು. ಹೊಸ ಮೊದಲ ಕಂತು ಅದೇ ದೃಶ್ಯಗಳಿಗೆ ಬೇರೆ ಅರ್ಥ ಕೊಟ್ಟಿತು. ಅವನು ಯಾಕೆ ಹೊಡೆಯುತ್ತಿಲ್ಲ ಅನ್ನುವುದು ಈಗ ನಮಗೆ ಗೊತ್ತು. ಕೋರ್ಟಿನಲ್ಲಿ ಅವನು ಶಾಂತವಾಗಿ ಮಾತಾಡಿದಾಗಲೂ ಒಳಗಿನ ನೋವು ಕಾಣುತ್ತದೆ. ಆರನೇ ಕಂತಿನಲ್ಲಿ ಅವನು ಮತ್ತೆ ಸೂಟ್ ಹಾಕಿದಾಗ ಅದೊಂದು ತೀರ್ಮಾನದಂತೆ ತೋರುತ್ತದೆ. ಹಳೆಯ ಸಾಮಗ್ರಿಯ ದೌರ್ಬಲ್ಯವನ್ನೇ ಪಾತ್ರದ ಗಾಯವಾಗಿ ಮಾಡಿದ್ದು ಒಳ್ಳೆಯ ಬರಹಗಾರರ ಕೆಲಸ.

ಹೊಲಿಗೆ ಕಾಣುವುದಿಲ್ಲ ಅಂತಲ್ಲ. ಕ್ಯಾರೆನ್ ಮೊದಲ ಕಂತಿನ ನಂತರ ಕೊನೆಯವರೆಗೆ ಹೆಚ್ಚುಕಡಿಮೆ ಮಾಯ. ಮ್ಯೂಸ್ ಎಂಬ ಕೊಲೆಗಾರನ ಎಳೆ ಅವಸರದಲ್ಲಿ ಮುಗಿಯುತ್ತದೆ. ಐದನೇ ಕಂತು ಬೇರೆಯೇ ಸರಣಿಯಿಂದ ಬಂದಂತಿದೆ. ಮ್ಯಾಟ್ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದಾಗ ದರೋಡೆ ನಡೆಯುತ್ತದೆ, ಅಷ್ಟೇ ಕಥೆ. ಬ್ಯಾಂಕಿನ ಅಧಿಕಾರಿ ಯೂಸುಫ್ ಖಾನ್. ‘ಮಿಸ್ ಮಾರ್ವೆಲ್’ ಸರಣಿಯ ನಾಯಕಿಯ ಅಪ್ಪ, ನಮ್ಮ ಮೋಹನ್ ಕಪೂರ್ ಮಾಡಿದ ಪಾತ್ರ. ಮುಖ್ಯ ಕಥೆಗೆ ಇದರಿಂದ ಏನೂ ಆಗುವುದಿಲ್ಲ ಅಂತ ಹಲವರು ಗೊಣಗಿದರು. ನನಗಂತೂ ಇಷ್ಟವಾಯಿತು. ಸೂಟ್ ಇಲ್ಲದೆ, ಊರು ಮುಳುಗಿಸುವ ಪಿತೂರಿ ಇಲ್ಲದೆ, ಒಂದು ಕೋಣೆಯಲ್ಲಿ ಒಂದು ಗಂಟೆಯೊಳಗೆ ಮುಗಿಯುವ ಕಥೆ. ಕಾರ್ಮನ್ ಮತ್ತು ಆರ್ಡ್ ಎಂಥ ಸರಣಿ ಮಾಡಹೊರಟಿದ್ದರು ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ವೈಟ್ ಟೈಗರ್ ಎಂಬ ಮುಖವಾಡದ ವೀರ, ಅಂದರೆ ಹೆಕ್ಟರ್ ಅಯಾಲಾ ಪಾತ್ರವೂ ಮೊದಲ ತಂಡದ್ದೇ. ಕಾಮಾರ್ ಡಿ ಲೋಸ್ ರೆಯೆಸ್ ಆ ಪಾತ್ರ ಮಾಡಿ, ಅದು ತೆರೆಗೆ ಬರುವ ಮುನ್ನ, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಕೋರ್ಟ್ ದೃಶ್ಯಗಳು ಇಡೀ ಸೀಸನ್‌ನ ಅತ್ಯುತ್ತಮ ಭಾಗಗಳಲ್ಲಿ ಸೇರುತ್ತವೆ. ಮೊದಲ ತಂಡದ್ದೆಲ್ಲ ಕೆಟ್ಟದ್ದು, ಎರಡನೇ ತಂಡ ಬಂದು ಕಾಪಾಡಿತು ಅಂತ ಬರೆದುಬಿಡುವುದು ಸುಲಭ. ಆದರೆ ಸರಣಿಯ ಸೃಷ್ಟಿಕರ್ತರ ಸಾಲಿನಲ್ಲಿ ಕಾರ್ಮನ್, ಆರ್ಡ್, ಸ್ಕಾರ್ಡಪೇನ್ ಮೂವರ ಹೆಸರೂ ಇದೆ, ಇರಲೇಬೇಕು.

ಹಾಗಾದರೆ ಈ ಗೊಂದಲವನ್ನು ಮೊದಲೇ ತಡೆಯಬಹುದಿತ್ತೇ? ಹಳೆಯ ಟಿವಿಯಲ್ಲಿ ಅದಕ್ಕೊಂದು ಪದ್ಧತಿ ಇತ್ತು, ಪೈಲಟ್. ಒಂದೇ ಕಂತು ಮಾಡು, ನೋಡೋಣ, ಆಮೇಲೆ ಉಳಿದದ್ದು. ಇದು ದಯೆಯ ಪದ್ಧತಿ ಏನಲ್ಲ. ಮಾರ್ವೆಲ್‌ನ ‘ಏಜೆಂಟ್ಸ್ ಆಫ್ ಶೀಲ್ಡ್’ ಸರಣಿಯಿಂದ ‘ಮೋಸ್ಟ್ ವಾಂಟೆಡ್’ ಎಂಬ ಸರಣಿ ಕವಲೊಡೆಯಬೇಕಿತ್ತು. ಅದಕ್ಕಾಗಿ ಎಡ್ರಿಯಾನ್ ಪಾಲಿಕಿ ಮತ್ತು ನಿಕ್ ಬ್ಲಡ್ ಅವರ ಪಾತ್ರಗಳನ್ನು 2016ರ ಮಾರ್ಚ್‌ನಲ್ಲಿ ಕಣ್ಣೀರಿನ ಬೀಳ್ಕೊಡುಗೆ ಕೊಟ್ಟು ತಾಯಿ ಸರಣಿಯಿಂದ ಕಳಿಸಿದರು. ಮೇ ತಿಂಗಳಲ್ಲಿ ಎಬಿಸಿ ಚಾನೆಲ್ ಪೈಲಟ್ ನೋಡಿ ಬೇಡ ಅಂದಿತು. ಇಬ್ಬರಿಗೂ ಅತ್ತ ಮನೆಯೂ ಇಲ್ಲ, ಇತ್ತ ಮನೆಯೂ ಇಲ್ಲ. ಆದರೂ ಹೋಗಿದ್ದು ಒಂದು ಕಂತಿನ ಖರ್ಚು.

ಇನ್ನೊಂದು ದಾರಿ ಮಾರ್ವೆಲ್‌ನ ಎದುರಾಳಿ ಡಿಸಿಯವರದ್ದು. ‘ದಿ ಬ್ಯಾಟ್‌ಮ್ಯಾನ್’ ಸಿನಿಮಾದಿಂದ ಕವಲೊಡೆದ ಸರಣಿ ಅಂದರೆ ಈಗ ಎಲ್ಲರಿಗೂ ‘ದಿ ಪೆಂಗ್ವಿನ್’ ನೆನಪಾಗುತ್ತದೆ. ಮೊದಲು 2020ರಲ್ಲಿ ಘೋಷಣೆಯಾಗಿದ್ದು ಗಾತಮ್ ನಗರದ ಪೊಲೀಸರ ಸರಣಿ. ಬರಹಗಾರ ಟೆರೆನ್ಸ್ ವಿಂಟರ್ ಅದನ್ನು ಬಿಟ್ಟರು, ಜೋ ಬಾರ್ಟನ್ ಬಂದರು, ಅದೂ ಕೂಡಿ ಬರಲಿಲ್ಲ. ಆಮೇಲೆ ಆರ್ಕಮ್ ಹುಚ್ಚಾಸ್ಪತ್ರೆಯ ಸರಣಿ ಅಂತ ಮಾತು ನಡೆದು ಅದೂ ನಿಂತಿತು. ಈ ಎರಡೂ ಸತ್ತದ್ದು ಕಾಗದದ ಮೇಲೆ. ಸೆಟ್ ಹಾಕಿರಲಿಲ್ಲ, ಕ್ಯಾಮೆರಾ ತಿರುಗಿರಲಿಲ್ಲ. ‘ಪೆಂಗ್ವಿನ್’ಗೆ ಲಾರೆನ್ ಲೆಫ್ರಾಂಕ್ ಶೋರನ್ನರ್ ಆಗಿ ನಿಂತರು. ಎಂಟು ಕಂತು, ಒಂದೇ ಕೈ, ಒಂದೇ ಕಥೆ. 2023ರ ಮುಷ್ಕರ ಅದರ ಶೂಟಿಂಗನ್ನೂ ತಿಂಗಳುಗಟ್ಟಲೆ ನಿಲ್ಲಿಸಿತು. ಆದರೆ ಮರಳಿ ಬಂದಾಗ ಅವರು ಏನನ್ನೂ ಬಿಚ್ಚಬೇಕಾಗಿರಲಿಲ್ಲ, ನಿಂತಲ್ಲಿಂದ ಮುಂದುವರಿದರು. ಅದರ ನಟಿ ಕ್ರಿಸ್ಟಿನ್ ಮಿಲಿಯೋಟಿಗೆ ಟಿವಿಯ ಎಮ್ಮಿ ಪ್ರಶಸ್ತಿ ಬಂತು.

ಮಾರ್ವೆಲ್ ಪಾಠ ಕಲಿತಿದೆ. ಶೋರನ್ನರ್‌ಗಳನ್ನು ನೇಮಿಸುತ್ತಿದೆ, ‘ಮಾರ್ವೆಲ್ ಟೆಲಿವಿಷನ್’ ಹೆಸರನ್ನೂ ಮರಳಿ ತಂದಿದೆ. ‘ವಾಂಡಾವಿಷನ್’ನಿಂದ ಕವಲೊಡೆದ ‘ಅಗಾಥಾ ಆಲ್ ಅಲಾಂಗ್’ ನಾಲ್ಕು ಸಲ ಹೆಸರು ಬದಲಿಸಿಕೊಂಡರೂ ಜ್ಯಾಕ್ ಶೇಫರ್ ಎಂಬ ಒಬ್ಬರ ಕೈಯಲ್ಲೇ ಉಳಿಯಿತು. ಕಡಿಮೆ ಖರ್ಚಿನಲ್ಲಿ ಗೆದ್ದಿತು. ವರ್ಷಕ್ಕೆ ನಾಲ್ಕು ಸರಣಿ ಬೇಡ, ಎರಡರಷ್ಟು ಸಾಕು ಎಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ 2024ರಲ್ಲಿ ಹೇಳಿದರು.

ಆದರೆ ದೊಡ್ಡವರ ಪಾಠಕ್ಕೆ ಶುಲ್ಕ ಕಟ್ಟುವುದು ಯಾರು? ಕೊನೆಗಳಿಗೆಯಲ್ಲಿ ಕಥೆ ಬದಲಾದಾಗಲೆಲ್ಲ ಒತ್ತಡ ಬೀಳುವುದು ವಿಎಫ್‌ಎಕ್ಸ್, ಅಂದರೆ ಕಂಪ್ಯೂಟರ್‌ನಲ್ಲಿ ದೃಶ್ಯ ಕಟ್ಟುವ ಕೆಲಸಗಾರರ ಮೇಲೆ. ಮಾರ್ವೆಲ್‌ನ ಒಳಗಿನ ವಿಎಫ್‌ಎಕ್ಸ್ ಸಿಬ್ಬಂದಿ ಇದೇ 2023ರ ಸೆಪ್ಟೆಂಬರ್‌ನಲ್ಲಿ ಒಮ್ಮತದಿಂದ ಮತ ಹಾಕಿ ಸಂಘ ಕಟ್ಟಿಕೊಂಡರು. ಮುಷ್ಕರದ ಬಿಸಿ ನಮ್ಮೂರಿಗೂ ತಟ್ಟಿದೆ. ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೋ ಇದ್ದ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ 2025ರ ಆರಂಭದಲ್ಲಿ ಕುಸಿದುಬಿತ್ತು. ಕಾರಣಗಳಲ್ಲಿ ಸಾಲ, ಆಡಳಿತದ ತೊಂದರೆ ಎಲ್ಲ ಇತ್ತು. ಬರಹಗಾರರ ಮುಷ್ಕರದ ನಂತರ ಹೊಸ ಕೆಲಸ ಕಡಿಮೆಯಾದದ್ದೂ ಒಂದು. ಭಾರತದಲ್ಲಿ ಮೂರು ಸಾವಿರದಷ್ಟು ಜನ ಕೆಲಸ ಕಳೆದುಕೊಂಡರು, ಹೆಚ್ಚಿನವರು ಬೆಂಗಳೂರಿನವರು. ಮುಷ್ಕರ ಒಂದು ಸರಣಿಯನ್ನು ಉಳಿಸಿತು ಅಂತ ನಾನು ಬರೆಯುವಾಗ ಈ ಲೆಕ್ಕವನ್ನೂ ಬದಿಗಿಡಲಾರೆ. ಇದರಲ್ಲಿ ಬರಹಗಾರರ ತಪ್ಪಿಲ್ಲ. ಅವರ ಬೇಡಿಕೆಗೆ ಸ್ಟುಡಿಯೋಗಳು ಮೊದಲೇ ಕಿವಿಗೊಟ್ಟಿದ್ದರೆ ಐದು ತಿಂಗಳು ಯಾರ ಕೆಲಸವೂ ನಿಲ್ಲುತ್ತಿರಲಿಲ್ಲ.

ಆ ಬೇಡಿಕೆಗಳಲ್ಲಿ ಒಂದು ಈ ಕಥೆಗೆ ನೇರವಾಗಿ ಸಂಬಂಧಿಸಿದ್ದು. ಮುಷ್ಕರ ಮುಗಿಸಿದ ಒಪ್ಪಂದದ ಪ್ರಕಾರ ಹೊಸ ಸರಣಿಗೆ ಒಪ್ಪಿಗೆ ಸಿಕ್ಕ ಮೇಲೆ ಕನಿಷ್ಠ ಇಷ್ಟು ಬರಹಗಾರರು ಇರಲೇಬೇಕು: ಆರು ಕಂತಿನವರೆಗೆ ಮೂವರು, ಏಳರಿಂದ ಹನ್ನೆರಡಕ್ಕೆ ಐವರು, ಹದಿಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆರು ಮಂದಿ. ಒಬ್ಬರೇ ಪೂರ್ತಿ ಬರೆಯುವ ಸರಣಿಗೆ ಮಾತ್ರ ವಿನಾಯಿತಿ. ಶೂಟಿಂಗ್ ನಡೆಯುವಾಗಲೂ ಕೆಲವು ಬರಹಗಾರರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕು. ಸೆಟ್‌ನಲ್ಲಿ ಕಥೆಗೆ ಹೊಣೆಯಾದವರು ಇರಬೇಕು ಅನ್ನುವ ಹಳೆಯ ಟಿವಿಯ ನಂಬಿಕೆ ಹೀಗೆ ಲಿಖಿತ ನಿಯಮವಾಯಿತು. ಈ ಒಪ್ಪಂದದ ಅವಧಿ 2026ರ ಮೇ 1ರವರೆಗೆ ಅಂತ ನಿಗದಿಯಾಗಿತ್ತು.

‘ಬಾರ್ನ್ ಅಗೇನ್’ನ ಎರಡನೇ ಸೀಸನ್ ಎಂಟು ಕಂತಿನದು. ಅದರಲ್ಲಿ ಹಳೆಯ ಸಾಮಗ್ರಿಯ ಹಂಗಿಲ್ಲ. ಮೊದಲ ಸಾಲಿನಿಂದ ಸ್ಕಾರ್ಡಪೇನ್ ತಂಡವೇ ಬರೆದದ್ದು. 2025ರಲ್ಲಿ ನ್ಯೂಯಾರ್ಕ್‌ನಲ್ಲೇ ಅದರ ಶೂಟಿಂಗ್ ನಡೆಯಿತು, ಅದು ತೆರೆಗೆ ಬರುವ ಮೊದಲೇ ಮೂರನೆಯದಕ್ಕೂ ಒಪ್ಪಿಗೆ ಸಿಕ್ಕಿತು. ಒಂದನೇ ಸೀಸನ್‌ನ ಮೊದಲ ಕಂತನ್ನೂ ಎರಡನೆಯದರ ಮೊದಲ ಕಂತನ್ನೂ ಒಂದರ ಹಿಂದೆ ಒಂದು ನೋಡಿ. ಇದ್ದದ್ದನ್ನು ಕಾಪಾಡಲು ಬರೆದದ್ದಕ್ಕೂ ಬಿಡುವಾಗಿ ಕೂತು ಬರೆದದ್ದಕ್ಕೂ ಇರುವ ಅಂತರವನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.